ಮಿದುಳಿಗೆ ತಗಲುವ ಶಿಲೀಂಧ್ರ ಸೋಂಕು: ಶಂಕೆಯಿಂದ ಚಿಕಿತ್ಸೆಯ ಕೊನೆಯವರೆಗೆ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಮೂರು. ಮೊದಲು ಬೇರೆ ಕಾಯಿಲೆ ಎಂದವರು ವಾರಗಳು ಕಳೆದ ಮೇಲೆ ಮಿದುಳಿಗೆ ಫಂಗಸ್ ತಗಲಿದೆ ಎನ್ನುತ್ತಿದ್ದಾರೆ, ಅಷ್ಟು ತಡವೇಕಾಯಿತು? ಬೆನ್ನಿನಿಂದ ಒಮ್ಮೆ ನೀರು ತೆಗೆದಿದ್ದಾಯಿತು, ಮತ್ತೆ ದಿನವೂ ತೆಗೆಯುವುದೇಕೆ? ರೋಗಿ ಎದ್ದು ಓಡಾಡುತ್ತಿದ್ದಾರೆ, ಮಾತ್ರೆ ಇನ್ನೂ ಎಷ್ಟು ತಿಂಗಳು? ಇವುಗಳಿಗೆ ಬಿಡಿಬಿಡಿಯಾಗಿ ಉತ್ತರಿಸಿದರೆ ಒಂದರ ಕಾರಣ ಇನ್ನೊಂದರಲ್ಲಿ ಇರುವುದು ಕಾಣುವುದಿಲ್ಲ. ಆದ್ದರಿಂದ ಇಡೀ ದಾರಿಯನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ರೋಗಿಯ ಪಕ್ಕದಲ್ಲಿ ನಿಲ್ಲುವ ಮನೆಯವರನ್ನೂ ಇಂಥ ರೋಗಿಯನ್ನು ಮೊದಲು ನೋಡುವ ಕಿರಿಯ ವೈದ್ಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಇಲ್ಲಿರುವ ಔಷಧದ ಪ್ರಮಾಣಗಳು ವಿಷಯ ತಿಳಿಯಲೆಂದು ಕೊಟ್ಟವು. ಅವನ್ನು ನೋಡಿಕೊಂಡು ಯಾರೂ ಸ್ವತಃ ಔಷಧ ಆರಂಭಿಸುವುದಾಗಲಿ, ಬದಲಾಯಿಸುವುದಾಗಲಿ ಕೂಡದು.

ಔಷಧ ಲಭ್ಯವಿದ್ದೂ ಜೀವ ಹೋಗುವ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಲೋಪ ಇದ್ದೇ ಇರುತ್ತದೆ: ಶಿಲೀಂಧ್ರವನ್ನು ಯಾರೂ ಶಂಕಿಸಿರುವುದಿಲ್ಲ, ತಲೆಯೊಳಗಿನ ಒತ್ತಡವನ್ನು ಯಾರೂ ಅಳೆದಿರುವುದಿಲ್ಲ, ಅಥವಾ ಚಿಕಿತ್ಸೆ ನಡುವೆ ನಿಂತಿರುತ್ತದೆ. ಮುಂದಿನ ಹಂತಗಳನ್ನು ಓದುವಾಗ ಈ ಮೂರನ್ನು ನೆನಪಿನಲ್ಲಿಡಿ.

ಕೇಂದ್ರ ನರಮಂಡಲ ಎಂದರೆ ಮಿದುಳು ಮತ್ತು ಬೆನ್ನುಹುರಿ. ಶಿಲೀಂಧ್ರ ಇಲ್ಲಿ ಮುಖ್ಯವಾಗಿ ಎರಡು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮಿದುಳನ್ನು ಸುತ್ತಿರುವ ಪೊರೆಗಳಲ್ಲಿ ಉರಿಯೂತ ಎದ್ದರೆ ಅದು ಮೆನಿಂಜೈಟಿಸ್. ಮಿದುಳಿನ ಒಳಗೇ ಕೀವು ಕಟ್ಟಿಕೊಂಡರೆ ಅದು ಮಿದುಳಿನ ಬಾವು. ಕ್ರಿಪ್ಟೊಕಾಕಸ್, ಕ್ಯಾಂಡಿಡಾ ಮುಂತಾದ ಯೀಸ್ಟ್ ಜಾತಿಯವು ಹೆಚ್ಚಾಗಿ ಪೊರೆಗಳನ್ನು ಹಿಡಿಯುತ್ತವೆ. ಆಸ್ಪರ್ಜಿಲಸ್, ಮ್ಯೂಕರ್ ಮುಂತಾದ ಬೂಷ್ಟಿನ ಜಾತಿಯವು ಎಳೆಎಳೆಯಾಗಿ ಬೆಳೆದು ರಕ್ತನಾಳಗಳನ್ನು ಕೊರೆಯುವುದರಿಂದ ಬಾವು, ರಕ್ತಸ್ರಾವ ಅಥವಾ ಪಾರ್ಶ್ವವಾಯುವಿನ ರೂಪದಲ್ಲಿ ಪ್ರಕಟವಾಗುತ್ತವೆ. ಇವೆಲ್ಲವುಗಳಲ್ಲಿ ಅತಿ ಸಾಮಾನ್ಯವಾದದ್ದು ಕ್ರಿಪ್ಟೊಕಾಕಸ್ ಮೆನಿಂಜೈಟಿಸ್. ಹಾಗಾಗಿ ಈ ಲೇಖನದ ಹೆಚ್ಚು ಭಾಗ ಅದಕ್ಕೇ ಮೀಸಲು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಪಾಯಕಾರಿ ಶಿಲೀಂಧ್ರಗಳ ಆದ್ಯತಾ ಪಟ್ಟಿಯನ್ನು ಮೊದಲ ಬಾರಿಗೆ ಪ್ರಕಟಿಸಿದಾಗ ಅತ್ಯಂತ ಗಂಭೀರ ಗುಂಪಿನಲ್ಲಿಟ್ಟ ನಾಲ್ಕರಲ್ಲಿ ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್ ಒಂದು.

ಮೊದಲು ಜೋಡಿಸಿಕೊಳ್ಳಬೇಕಾದವು

ರೋಗಿ ಈಗ ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿ, ಹಳೆಯ ಚೀಟಿಗಳು, ಎಚ್‌ಐವಿ ಪರೀಕ್ಷೆಯ ಫಲಿತಾಂಶ, ಸಕ್ಕರೆ ಮತ್ತು ಮೂತ್ರಪಿಂಡದ ಇತ್ತೀಚಿನ ವರದಿಗಳು, ತೂಕ, ಹಾಗೂ ಒಂದು ನೋಟ್‌ಪುಸ್ತಕ. ಪುಸ್ತಕದಲ್ಲಿ ದಿನಾಂಕದ ಮುಂದೆ ನಾಲ್ಕು ಕಾಲಂ ಎಳೆದುಕೊಳ್ಳಿ: ಬೆನ್ನುಹುರಿ ದ್ರವದ ಒತ್ತಡ, ರಕ್ತದ ಪೊಟ್ಯಾಸಿಯಂ, ಕ್ರಿಯಾಟಿನಿನ್, ಹಿಮೋಗ್ಲೋಬಿನ್. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ತೋರುವ ರಕ್ತದ ಅಂಶ. ಆಸ್ಪತ್ರೆಯ ಕಡತ ಇದ್ದೇ ಇರುತ್ತದೆ, ನಿಜ. ಆದರೆ ಪಾಳಿ ಬದಲಾಗುವಾಗ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಈ ಒಂದು ಪುಟ ಬಹಳ ನೆರವಿಗೆ ಬರುತ್ತದೆ.

ಹಂತ 1: ಶಂಕಿಸುವುದು

ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ರೋಗಿಯನ್ನು ಕೆಡವುತ್ತದೆ. ಶಿಲೀಂಧ್ರದ್ದು ಸಾಮಾನ್ಯವಾಗಿ ನಿಧಾನದ ನಡೆ. ಎರಡು ಮೂರು ವಾರಗಳಿಂದ ಏರುತ್ತಲೇ ಇರುವ ತಲೆನೋವು, ಬಂದು ಹೋಗುವ ಜ್ವರ, ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣು ಮಂಜಾಗುವುದು, ಕಿವಿ ಮಂದವಾಗುವುದು, ಮಾತಿನಲ್ಲಿ ಗೊಂದಲ, ಸ್ವಭಾವದಲ್ಲಿ ಬದಲಾವಣೆ, ಮಂಪರು. ಕುತ್ತಿಗೆ ಬಿಗಿತ ಇರಲೇಬೇಕೆಂದಿಲ್ಲ, ಜ್ವರವೂ ಇರಲೇಬೇಕೆಂದಿಲ್ಲ. ಕುತ್ತಿಗೆ ಸಡಿಲವಾಗಿದೆ, ಹಾಗಾದರೆ ಮೆನಿಂಜೈಟಿಸ್ ಅಲ್ಲ ಎಂದು ತೀರ್ಮಾನಿಸುವುದು ಈ ಕಾಯಿಲೆಯಲ್ಲಿ ಆಗುವ ಮೊದಲ ತಪ್ಪು.

ಯಾರಲ್ಲಿ ಹೆಚ್ಚು ಶಂಕಿಸಬೇಕು? ಎಚ್‌ಐವಿ ಇದ್ದು ಸಿಡಿ4 ಎಣಿಕೆ, ಅಂದರೆ ದೇಹವನ್ನು ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳ ಸಂಖ್ಯೆ, 100ಕ್ಕಿಂತ ಕೆಳಗೆ ಇಳಿದವರಲ್ಲಿ ಎಲ್ಲಕ್ಕಿಂತ ಹೆಚ್ಚು. ಅಂಗ ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು, ಬಹುಕಾಲದಿಂದ ಸ್ಟೀರಾಯ್ಡ್ ಸೇವಿಸುತ್ತಿರುವವರು, ಹತೋಟಿ ತಪ್ಪಿದ ಮಧುಮೇಹಿಗಳು, ತಲೆಯಿಂದ ಹೊಟ್ಟೆಗೆ ದ್ರವ ಹರಿಸುವ ಶಂಟ್ ಎಂಬ ಕೊಳವೆ ಇರುವವರು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಕೂಡ ಈ ಸಾಲಿನಲ್ಲಿ ಬರುತ್ತಾರೆ. ಹಾಗೆಂದು ಆರೋಗ್ಯವಂತರಿಗೆ ಬರುವುದೇ ಇಲ್ಲ ಎಂದಲ್ಲ. ಕ್ರಿಪ್ಟೊಕಾಕಸ್ ಗಟ್ಟಿ ಎಂಬ ಪ್ರಭೇದ ಮತ್ತು ಕ್ಲಾಡೊಫಿಯಲೊಫೋರಾ ಬಾಂಟಿಯಾನಾ ಎಂಬ ಕಪ್ಪುವರ್ಣದ ಬೂಷ್ಟು ಯಾವ ರೋಗನಿರೋಧಕ ಕೊರತೆಯೂ ಇಲ್ಲದವರನ್ನೂ ಹಿಡಿಯುತ್ತವೆ.

ಬೆನ್ನಿಗೆ ಇತ್ತೀಚೆಗೆ ಇಂಜೆಕ್ಷನ್ ಅಥವಾ ಅರಿವಳಿಕೆ ಕೊಡಿಸಿಕೊಂಡಿದ್ದರೆ ಅದನ್ನು ತಪ್ಪದೆ ಹೇಳಿ. 2012ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ಗಳು ಕಲುಷಿತವಾಗಿ, ಎಕ್ಸೆರೊಹೈಲಮ್ ಎಂಬ, ಸಾಮಾನ್ಯವಾಗಿ ಮನುಷ್ಯರಲ್ಲಿ ಕಾಣದ ಬೂಷ್ಟಿನಿಂದ 750ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 60ಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2022ರಲ್ಲಿ ಮೆಕ್ಸಿಕೊದ ಡುರಾಂಗೊದಲ್ಲಿ ಬೆನ್ನಿನ ಅರಿವಳಿಕೆ ಪಡೆದವರಲ್ಲಿ ಫ್ಯುಸೇರಿಯಂ ಮೆನಿಂಜೈಟಿಸ್ ಹಬ್ಬಿತು. ಇಂಥ ಸಂದರ್ಭದಲ್ಲಿ ರೋಗಿ ಹೇಳುವ ಒಂದೇ ವಾಕ್ಯ ವೈದ್ಯರ ಯೋಚನೆಯ ದಿಕ್ಕನ್ನು ಬದಲಿಸುತ್ತದೆ.

ಮನೆಯವರಿಗೆ ಒಂದು ಸಮಾಧಾನದ ಮಾತು: ಕ್ರಿಪ್ಟೊಕಾಕಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮಣ್ಣಿನಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ, ಮರದ ಪೊಟರೆಗಳಲ್ಲಿ ಇರುವ ಅದರ ಕಣಗಳು ಉಸಿರಿನೊಂದಿಗೆ ಶ್ವಾಸಕೋಶ ಸೇರುತ್ತವೆ. ಅಲ್ಲಿ ಸುಮ್ಮನಿದ್ದು, ದೇಹದ ಕಾವಲು ಕುಸಿದಾಗ ರಕ್ತದ ಮೂಲಕ ಮಿದುಳಿಗೆ ಏರುತ್ತವೆ. ರೋಗಿಯನ್ನು ಬೇರೆ ಕೋಣೆಯಲ್ಲಿ ಇರಿಸುವ ಅಗತ್ಯವಿಲ್ಲ.

ಹಂತ 2: ರಕ್ತದ ಪರೀಕ್ಷೆ ಮತ್ತು ಸ್ಕ್ಯಾನ್

ಎಚ್‌ಐವಿ ಪರೀಕ್ಷೆ ಆಗಿಲ್ಲವಾದರೆ ಮೊದಲು ಅದಾಗಲಿ. ಅದರೊಂದಿಗೆ ಕ್ರಿಪ್ಟೊಕಾಕಸ್‌ನ ಆ್ಯಂಟಿಜೆನ್ ಪರೀಕ್ಷೆ. ಆ್ಯಂಟಿಜೆನ್ ಎಂದರೆ ಶಿಲೀಂಧ್ರದ ಹೊರಕವಚದಿಂದ ಕಳಚಿ ರಕ್ತದಲ್ಲಿ ತೇಲುವ ಅಂಶ. ಇದನ್ನು ಗುರುತಿಸುವ ಪಟ್ಟಿ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಡ. ಪಟ್ಟಿಯನ್ನು ರಕ್ತದ ಸೀರಂ ಅಥವಾ ಬೆನ್ನುಹುರಿ ದ್ರವದಲ್ಲಿ ಅದ್ದಿದರೆ ಸುಮಾರು 10 ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ತಲೆನೋವು ಶುರುವಾಗುವುದಕ್ಕೆ ವಾರಗಳ ಮೊದಲೇ ರಕ್ತದಲ್ಲಿ ಈ ಅಂಶ ಕಾಣಿಸಿಕೊಳ್ಳುವುದರಿಂದ, ಸಿಡಿ4 ಎಣಿಕೆ 100ಕ್ಕಿಂತ ಕಡಿಮೆ ಇರುವ ಪ್ರತಿಯೊಬ್ಬ ಎಚ್‌ಐವಿ ರೋಗಿಗೂ ಲಕ್ಷಣಗಳಿಲ್ಲದಿದ್ದರೂ ಈ ಪರೀಕ್ಷೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 200ಕ್ಕಿಂತ ಕಡಿಮೆ ಇರುವವರಲ್ಲೂ ಮಾಡಬಹುದು ಎನ್ನುತ್ತದೆ.

ಸ್ಕ್ಯಾನ್ ವಿಷಯದಲ್ಲಿ ಎಂಆರ್‌ಐ ಸಿಟಿಗಿಂತ ಹೆಚ್ಚು ತೋರಿಸುತ್ತದೆ. ಆದರೆ ಎಂಆರ್‌ಐ ಸರದಿಗಾಗಿ ಎರಡು ದಿನ ಕಾಯುವುದಕ್ಕಿಂತ ಸಿಗುವ ಸಿಟಿಯನ್ನು ಬೇಗ ಮಾಡಿಸಿ ಮುಂದಿನ ಹಂತಕ್ಕೆ ಹೋಗುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಕ್ಯಾನ್‌ನ ತುರ್ತು ಉದ್ದೇಶ ಒಂದೇ: ಮಿದುಳನ್ನು ಪಕ್ಕಕ್ಕೆ ತಳ್ಳುತ್ತಿರುವ ಗಡ್ಡೆ ಅಥವಾ ಬಾವು ಇದೆಯೇ ಎಂದು ನೋಡುವುದು. ಅಂಥದ್ದು ಇದ್ದರೆ ಬೆನ್ನಿನಿಂದ ದ್ರವ ತೆಗೆಯುವುದು ಅಪಾಯ. ಸ್ಕ್ಯಾನ್ ಸಹಜವಾಗಿದೆ ಎಂಬ ಕಾರಣಕ್ಕೆ ಮೆನಿಂಜೈಟಿಸ್ ಇಲ್ಲ ಎಂದುಕೊಳ್ಳಬೇಡಿ. ಕ್ರಿಪ್ಟೊಕಾಕಸ್ ಮೆನಿಂಜೈಟಿಸ್‌ನಲ್ಲಿ ಅನೇಕರ ಸ್ಕ್ಯಾನ್ ಸಹಜವಾಗಿಯೇ ಇರುತ್ತದೆ.

ಹಂತ 3: ಬೆನ್ನುಹುರಿ ದ್ರವ ತೆಗೆದು ಒತ್ತಡ ಅಳೆಯುವುದು

ಇದೇ ಇಡೀ ರೋಗಪತ್ತೆಯ ನಡುಗಂಬ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಹರಿಯುವ ತಿಳಿ ದ್ರವವನ್ನು ಸಿಎಸ್‌ಎಫ್ ಎನ್ನುತ್ತಾರೆ. ಅದನ್ನು ಸೊಂಟದ ಬಳಿ ಸೂಜಿಯಿಂದ ತೆಗೆಯುವ ಕ್ರಮವೇ ಲಂಬಾರ್ ಪಂಕ್ಚರ್. ಸೂಜಿ ಇಳಿಯುವ ಜಾಗ ಬೆನ್ನುಹುರಿ ಕೊನೆಗೊಳ್ಳುವ ಮಟ್ಟಕ್ಕಿಂತ ಕೆಳಗಿರುವುದರಿಂದ, ಇದರಿಂದ ಕಾಲು ಬಿದ್ದುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಈ ಭಯದಿಂದ ಒಪ್ಪಿಗೆಯ ಸಹಿಯನ್ನು ಎರಡು ದಿನ ಮುಂದೂಡುವ ಕುಟುಂಬಗಳಿವೆ. ಆ ಎರಡು ದಿನಗಳಲ್ಲಿ ದೃಷ್ಟಿಯೇ ಹೋಗಬಹುದು.

ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಮೊಣಕಾಲುಗಳನ್ನು ಎದೆಯತ್ತ ಮಡಿಸಿ, ಚರ್ಮ ಮರಗಟ್ಟಿಸಿ, ಎರಡು ಬೆನ್ನುಮೂಳೆಗಳ ನಡುವೆ ಸೂಜಿ ಇಳಿಸುತ್ತಾರೆ. ದ್ರವ ಕಾಣಿಸಿದ ಕೂಡಲೇ ಸೂಜಿಗೆ ಮ್ಯಾನೋಮೀಟರ್ ಎಂಬ, ಸೆಂಟಿಮೀಟರ್ ಗುರುತುಗಳಿರುವ ತೆಳು ಕೊಳವೆಯನ್ನು ನೆಟ್ಟಗೆ ಜೋಡಿಸಿದರೆ, ದ್ರವ ಅದರೊಳಗೆ ಮೇಲೇರಿ, ಉಸಿರಾಟಕ್ಕೆ ತಕ್ಕಂತೆ ತುಸು ಏರಿಳಿಯುತ್ತ ಒಂದು ಗುರುತಿನಲ್ಲಿ ನಿಲ್ಲುತ್ತದೆ. ಆ ಗುರುತೇ ಆರಂಭಿಕ ಒತ್ತಡ. ವಯಸ್ಕರಲ್ಲಿ 20 ಸೆಂ.ಮೀ. ಒಳಗಿದ್ದರೆ ನೆಮ್ಮದಿ, 25 ಅಥವಾ ಅದಕ್ಕಿಂತ ಮೇಲಿದ್ದರೆ ಹೆಚ್ಚು. ಕ್ರಿಪ್ಟೊಕಾಕಸ್‌ನಲ್ಲಿ ದ್ರವ ಕೊಳವೆ ತುಂಬಿ ಮೇಲಿನ ಬಾಯಿಂದ ಹೊರಗೆ ಸುರಿಯುವುದೂ ಉಂಟು. ಮ್ಯಾನೋಮೀಟರ್ ಇಲ್ಲದ ಕಡೆ ಡ್ರಿಪ್‌ನ ಕ್ರಿಮಿಶುದ್ಧ ಪಾರದರ್ಶಕ ನಳಿಕೆಯನ್ನು ಸೂಜಿಗೆ ಜೋಡಿಸಿ, ನೆಟ್ಟಗೆ ಹಿಡಿದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಅಳೆಯಬಹುದು. ಉಪಕರಣ ಇಲ್ಲವೆಂದು ಒತ್ತಡ ಅಳೆಯದೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ರೋಗಿಯನ್ನು ಕೂರಿಸಿ ಅಳೆದರೆ ಅಂಕಿ ತಪ್ಪಾಗಿ ಹೆಚ್ಚು ಬರುತ್ತದೆ ಎಂಬುದೂ ನೆನಪಿರಲಿ.

ಈ ಹಂತದಲ್ಲಿ ಆಗುವ ಇನ್ನೊಂದು ಲೋಪ ತೆಗೆದ ದ್ರವದ ಪ್ರಮಾಣದ್ದು. ಶಿಲೀಂಧ್ರ ಕೆಲವೊಮ್ಮೆ ದ್ರವದಲ್ಲಿ ಬಹಳ ವಿರಳವಾಗಿರುತ್ತದೆ; ಒಂದೆರಡು ಮಿಲಿಲೀಟರ್ ಕಳಿಸಿದರೆ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು. ಕಲ್ಚರ್ ಎಂದರೆ ಮಾದರಿಯನ್ನು ಪೋಷಕ ಮಾಧ್ಯಮದಲ್ಲಿಟ್ಟು ಜೀವಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆ. ಶಿಲೀಂಧ್ರದ ಶಂಕೆಯಿದ್ದಾಗ ವಯಸ್ಕರಿಂದ ಕಲ್ಚರ್‌ಗೆಂದೇ 5ರಿಂದ 10 ಮಿಲಿಲೀಟರ್ ತೆಗೆಯುವುದು ಒಳ್ಳೆಯದು, ಮತ್ತು ಚೀಟಿಯ ಮೇಲೆ ಶಿಲೀಂಧ್ರ ಎಂದು ಸ್ಪಷ್ಟವಾಗಿ ಬರೆಯಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾಕ್ಕೆ ಸಾಕಾಗುವಷ್ಟು ದಿನ ಇಟ್ಟು ತಟ್ಟೆಯನ್ನು ತೆಗೆದುಬಿಡುತ್ತಾರೆ. ಶಿಲೀಂಧ್ರಕ್ಕೆ ವಾರಗಳೇ ಬೇಕಾಗಬಹುದು.

ಕೇಳಬೇಕಾದ ಪರೀಕ್ಷೆಗಳು ಇವು: ಕಣಗಳ ಎಣಿಕೆ, ಪ್ರೋಟೀನ್, ಸಕ್ಕರೆ (ಅದೇ ಹೊತ್ತಿನ ರಕ್ತದ ಸಕ್ಕರೆಯೊಂದಿಗೆ), ಕ್ರಿಪ್ಟೊಕಾಕಸ್ ಆ್ಯಂಟಿಜೆನ್, ಇಂಡಿಯಾ ಇಂಕ್, ಶಿಲೀಂಧ್ರದ ಕಲ್ಚರ್, ಕ್ಷಯದ ಜೀನ್ ಪರೀಕ್ಷೆ. ಇಂಡಿಯಾ ಇಂಕ್ ಎಂದರೆ ಒಂದು ಹನಿ ದ್ರವಕ್ಕೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ವಿಧಾನ. ಶಾಯಿ ಶಿಲೀಂಧ್ರದ ದಪ್ಪ ಕವಚದೊಳಕ್ಕೆ ಹೋಗಲಾರದ್ದರಿಂದ, ಕಪ್ಪು ಹಿನ್ನೆಲೆಯಲ್ಲಿ ದುಂಡನೆಯ ಕಣ, ಅದರ ಸುತ್ತ ಬೆಳಕಿನ ಬಳೆ, ಕೆಲವೆಡೆ ತಾಯಿಕಣಕ್ಕೆ ಅಂಟಿದ ಸಣ್ಣ ಮೊಗ್ಗು ಕಾಣುತ್ತವೆ. ನೋಡಿ ಪಳಗಿದ ಕಣ್ಣು ಬಿಳಿ ರಕ್ತಕಣವನ್ನು ಶಿಲೀಂಧ್ರವೆಂದು ತಪ್ಪು ತಿಳಿಯುವುದಿಲ್ಲ. ಆದರೆ ಶಿಲೀಂಧ್ರ ಕಡಿಮೆಯಿದ್ದಾಗ ಅದು ಈ ವಿಧಾನದಿಂದ ತಪ್ಪಿಸಿಕೊಳ್ಳುತ್ತದೆ. ಇಂಡಿಯಾ ಇಂಕ್ ನೆಗೆಟಿವ್ ಎಂಬುದರ ಮೇಲೆ ಮಾತ್ರ ರೋಗವನ್ನು ತಳ್ಳಿಹಾಕಬಾರದು.

ವರದಿ ಓದುವಾಗ ಎಚ್ಚರ ಬೇಕಾದ ಕೆಲವು ಅಂಶಗಳು. ಎಚ್‌ಐವಿ ಬಹಳ ಮುಂದುವರಿದವರಲ್ಲಿ ದ್ರವದ ಕಣ, ಪ್ರೋಟೀನ್, ಸಕ್ಕರೆ ಮೂರೂ ಸಹಜವೆನಿಸುವ ಮಟ್ಟದಲ್ಲಿದ್ದು, ಆ್ಯಂಟಿಜೆನ್ ಮಾತ್ರ ಪಾಸಿಟಿವ್ ಬರಬಹುದು. ಆ್ಯಂಟಿಜೆನ್ ವಿಪರೀತ ಹೆಚ್ಚಿದ್ದಾಗ ಪಟ್ಟಿಯಲ್ಲಿ ಗೆರೆ ಮೂಡದೆ ಸುಳ್ಳು ನೆಗೆಟಿವ್ ಬರುವುದೂ ಇದೆ, ಶಂಕೆ ಬಲವಾಗಿದ್ದರೆ ಮಾದರಿಯನ್ನು ತೆಳುಗೊಳಿಸಿ ಮತ್ತೆ ನೋಡಲು ಹೇಳಬೇಕು. ಹಲವು ರೋಗಾಣುಗಳನ್ನು ಒಟ್ಟಿಗೆ ಹುಡುಕುವ ಜೀನ್ ಪ್ಯಾನೆಲ್‌ಗಳು ಕ್ರಿಪ್ಟೊಕಾಕಸ್ ವಿರಳವಾಗಿದ್ದಾಗ ಅದನ್ನು ಕಾಣದೆ ಹೋಗಬಹುದು. ಬೂಷ್ಟಿನ ಶಂಕೆಯಿದ್ದರೆ ಗ್ಯಾಲಕ್ಟೊಮನ್ನನ್ ಮತ್ತು ಬೀಟಾ-ಡಿ-ಗ್ಲುಕಾನ್ ಎಂಬ, ಶಿಲೀಂಧ್ರದ ಗೋಡೆಯ ಸಕ್ಕರೆಗಳನ್ನು ಹುಡುಕುವ ಪರೀಕ್ಷೆಗಳು ನೆರವಾಗುತ್ತವೆ. ಆದರೆ ಇವೆರಡೂ ಮ್ಯೂಕರ್‌ನಲ್ಲಿ ಏರುವುದಿಲ್ಲ.

ಹಂತ 4: ಕ್ಷಯದೊಂದಿಗಿನ ಗೊಂದಲ ಬಿಡಿಸಿಕೊಳ್ಳುವುದು

ತಡ ಏಕಾಯಿತು ಎಂಬ ಪ್ರಶ್ನೆಗೆ ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಇಲ್ಲಿದೆ. ಕ್ಷಯದ ಮೆನಿಂಜೈಟಿಸ್ ಕೂಡ ವಾರಗಳ ಕಾಲ ಬೆಳೆಯುತ್ತದೆ. ಅದರಲ್ಲೂ ದ್ರವದಲ್ಲಿ ಲಿಂಫೊಸೈಟ್ ಎಂಬ ಬಿಳಿಕಣಗಳು ಹೆಚ್ಚಿರುತ್ತವೆ, ಪ್ರೋಟೀನ್ ಏರಿರುತ್ತದೆ, ಸಕ್ಕರೆ ಇಳಿದಿರುತ್ತದೆ. ಕಾಗದದ ಮೇಲೆ ಎರಡೂ ಒಂದೇ ಥರ. ಕ್ಷಯದ ಔಷಧ ಆರಂಭಿಸಿದ್ದೇ ತಪ್ಪೆಂದು ವೈದ್ಯರನ್ನು ದೂರುವುದು ನ್ಯಾಯವಲ್ಲ, ಏಕೆಂದರೆ ಕ್ಷಯದಲ್ಲೂ ಕಾಯುವಂತಿಲ್ಲ. ಆದರೆ ಕ್ಷಯ ಎಂದು ಬರೆಯುವ ಮುನ್ನ ಕ್ರಿಪ್ಟೊಕಾಕಸ್ ಆ್ಯಂಟಿಜೆನ್ ನೋಡದಿರುವುದು ಲೋಪವೇ.

ಈ ಗೊಂದಲ ಏಕೆ ಅಪಾಯಕಾರಿ ಎಂದರೆ, ಕ್ಷಯದ ಮೆನಿಂಜೈಟಿಸ್‌ಗೆ ಸ್ಟೀರಾಯ್ಡ್ ಕೊಡುತ್ತಾರೆ. ಎಚ್‌ಐವಿ ರೋಗಿಗಳ ಕ್ರಿಪ್ಟೊಕಾಕಸ್ ಮೆನಿಂಜೈಟಿಸ್‌ನಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ನೋಡಿದ, 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಸಾವು ಕಡಿಮೆಯಾಗಲಿಲ್ಲ, ಅಂಗವೈಕಲ್ಯ ಮತ್ತು ಅಡ್ಡಪರಿಣಾಮಗಳು ಹೆಚ್ಚಾದವು, ಶಿಲೀಂಧ್ರ ಸಾಯುವ ವೇಗವೂ ಕುಗ್ಗಿತು. ಕ್ಷಯದ ಚಿಕಿತ್ಸೆ ಆರಂಭಿಸಿ ಎರಡು ವಾರವಾದರೂ ಸುಧಾರಣೆ ಕಾಣದಿದ್ದರೆ ಶಿಲೀಂಧ್ರದ ಪರೀಕ್ಷೆ ಆಗಿದೆಯೇ ಎಂದು ವಿನಯದಿಂದ, ಆದರೆ ಬಿಡದೆ ಕೇಳಿ.

ಹಂತ 5: ಬಾವು ಇದ್ದಾಗ ತುಣುಕು ತೆಗೆದು ನೋಡುವುದು

ಸ್ಕ್ಯಾನ್‌ನಲ್ಲಿ ಬಾವು ಕಂಡರೆ ಊಹೆಯ ಮೇಲೆ ಔಷಧ ಕೊಡುತ್ತ ಹೋಗುವುದಕ್ಕಿಂತ, ನರಶಸ್ತ್ರಚಿಕಿತ್ಸಕರು ಅದನ್ನು ಹೀರಿ ಅಥವಾ ಬಯಾಪ್ಸಿ ಮಾಡಿ, ಅಂದರೆ ತುಣುಕು ತೆಗೆದು, ನೋಡುವುದು ಬಹುಮಟ್ಟಿಗೆ ಅನಿವಾರ್ಯ. ಆಸ್ಪರ್ಜಿಲಸ್‌ನ ಎಳೆಗಳು ಸಣ್ಣಗಿದ್ದು ಅಡ್ಡಗೋಡೆಗಳಿಂದ ಕೂಡಿ ಕಿರಿದಾದ ಕೋನದಲ್ಲಿ ಕವಲೊಡೆಯುತ್ತವೆ. ಮ್ಯೂಕರ್‌ನವು ಅಗಲವಾಗಿ, ಅಡ್ಡಗೋಡೆಗಳು ಅಪರೂಪವಾಗಿ, ಪಟ್ಟಿಯಂತೆ ಮಡಿಸಿಕೊಂಡಿರುತ್ತವೆ. ಈ ವ್ಯತ್ಯಾಸ ಬರಿಯ ಪುಸ್ತಕದ ಮಾತಲ್ಲ. ಆಸ್ಪರ್ಜಿಲಸ್‌ಗೆ ಮೊದಲ ಆಯ್ಕೆಯಾದ ವೊರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ತೆಗೆದ ತುಣುಕಿನ ಒಂದು ಭಾಗ ಫಾರ್ಮಲಿನ್‌ನಲ್ಲಿ, ಇನ್ನೊಂದು ಭಾಗ ಬರಿಯ ಸಲೈನ್‌ನಲ್ಲಿ ಹೋಗಬೇಕು. ಪೂರ್ತಿ ಫಾರ್ಮಲಿನ್‌ಗೆ ಹಾಕಿದರೆ ಜೀವಿ ಸತ್ತು ಕಲ್ಚರ್‌ಗೆ ಏನೂ ಉಳಿಯುವುದಿಲ್ಲ. ಮ್ಯೂಕರ್ ಶಂಕೆಯಿದ್ದರೆ ಪ್ರಯೋಗಾಲಯದಲ್ಲಿ ತುಣುಕನ್ನು ಅರೆಯಬಾರದು, ಅರೆದರೆ ಅದರ ನಾಜೂಕಾದ ಎಳೆಗಳು ಒಡೆದು ಬೆಳೆಯುವುದಿಲ್ಲ.

ಹಂತ 6: ಕ್ರಿಪ್ಟೊಕಾಕಸ್ ಮೆನಿಂಜೈಟಿಸ್‌ನ ಔಷಧ, ಮೂರು ಘಟ್ಟಗಳಲ್ಲಿ

ಮೊದಲನೆಯದು ಆರಂಭಿಕ ಘಟ್ಟ. ಶಿಲೀಂಧ್ರವನ್ನು ಬೇಗ ಕೊಂದು ದ್ರವವನ್ನು ಶುದ್ಧಗೊಳಿಸುವುದು ಇದರ ಗುರಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್‌ಐವಿ ಇರುವವರಿಗೆ ಸೂಚಿಸಿದ ಕ್ರಮ ಹೀಗಿದೆ: ಲೈಪೊಸೋಮಲ್ ಆಂಫೊಟೆರಿಸಿನ್ ಬಿ ಔಷಧವನ್ನು ತೂಕದ ಪ್ರತಿ ಕಿಲೋಗೆ 10 ಮಿ.ಗ್ರಾಂ.ನಂತೆ ಒಂದೇ ಬಾರಿ ರಕ್ತನಾಳಕ್ಕೆ. ಅದರೊಂದಿಗೆ 14 ದಿನ ಫ್ಲುಸೈಟೊಸಿನ್, ದಿನಕ್ಕೆ ಕಿಲೋಗೆ 100 ಮಿ.ಗ್ರಾಂ. ಲೆಕ್ಕದಲ್ಲಿ ನಾಲ್ಕು ಹೊತ್ತಿಗೆ ಹಂಚಿ. ಜೊತೆಗೆ ಫ್ಲುಕೊನಜೋಲ್ ದಿನಕ್ಕೆ 1200 ಮಿ.ಗ್ರಾಂ. ಆಫ್ರಿಕದ ಐದು ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕ್ರಮ ಪಡೆದವರಲ್ಲಿ 10 ವಾರಗಳೊಳಗೆ ಶೇ. 24.8ರಷ್ಟು, ಹಳೆಯ ಕ್ರಮದಲ್ಲಿ ಶೇ. 28.7ರಷ್ಟು ರೋಗಿಗಳು ತೀರಿಕೊಂಡರು, ಅಡ್ಡಪರಿಣಾಮಗಳು ಹೊಸ ಕ್ರಮದಲ್ಲಿ ಕಡಿಮೆಯಿದ್ದವು. ಒಳ್ಳೆಯ ಚಿಕಿತ್ಸೆ ಸಿಕ್ಕರೂ ನಾಲ್ವರಲ್ಲಿ ಒಬ್ಬರು ಉಳಿಯದ ಕಾಯಿಲೆ ಇದು. ತಡ ಮಾಡಬೇಡಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಎಚ್‌ಐವಿ ಇಲ್ಲದವರಿಗೆ, ಅಂಗ ಕಸಿ ಆದವರಿಗೆ ಒಂದೇ ಡೋಸಿನ ಈ ಕ್ರಮವನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಅವರಿಗೆ ಆಂಫೊಟೆರಿಸಿನ್ ದಿನವೂ, ಕನಿಷ್ಠ ಎರಡು ವಾರ, ಕೆಲವರಿಗೆ ನಾಲ್ಕು ವಾರ ಅಥವಾ ಹೆಚ್ಚು ಬೇಕಾಗುತ್ತದೆ.

ಎರಡನೆಯದು ಬಲಪಡಿಸುವ ಘಟ್ಟ: ಫ್ಲುಕೊನಜೋಲ್ ದಿನಕ್ಕೆ 800 ಮಿ.ಗ್ರಾಂ., ಎಂಟು ವಾರ. ಮೂರನೆಯದು ಕಾಯ್ದುಕೊಳ್ಳುವ ಘಟ್ಟ: ದಿನಕ್ಕೆ 200 ಮಿ.ಗ್ರಾಂ., ಎಚ್‌ಐವಿ ಇರುವವರಲ್ಲಿ ಕನಿಷ್ಠ ಒಂದು ವರ್ಷ. ಸಿಡಿ4 100 ದಾಟಿ, ಎಚ್‌ಐವಿ ಔಷಧದಿಂದ ವೈರಾಣು ಹತೋಟಿಗೆ ಬಂದ ಮೇಲಷ್ಟೇ ವೈದ್ಯರು ಅದನ್ನು ನಿಲ್ಲಿಸುತ್ತಾರೆ.

ಇಲ್ಲಿ ಪ್ರಾಣಕ್ಕೇ ಎರವಾಗುವ ಒಂದು ತಪ್ಪಿದೆ. ಆಂಫೊಟೆರಿಸಿನ್ ಬೇರೆ ಬೇರೆ ರೂಪಗಳಲ್ಲಿ ಬರುತ್ತದೆ. ಹಳೆಯ ಡಿಆಕ್ಸಿಕೋಲೇಟ್ ರೂಪದ ಡೋಸ್ ಸಾಮಾನ್ಯವಾಗಿ ಕಿಲೋಗೆ 1 ಮಿ.ಗ್ರಾಂ. ಆಸುಪಾಸು, 1.5ನ್ನು ಎಂದೂ ಮೀರಬಾರದು. ಲೈಪೊಸೋಮಲ್ ರೂಪ, ಅಂದರೆ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಅಡಗಿಸಿದ ಔಷಧ, ಅದಕ್ಕಿಂತ ಹಲವು ಪಟ್ಟು ಹೆಚ್ಚು ಕೊಡುವಂಥದ್ದು. ಲೈಪೊಸೋಮಲ್‌ನ ಲೆಕ್ಕದಲ್ಲಿ ಹಳೆಯ ರೂಪವನ್ನು ಕೊಟ್ಟರೆ ಹೃದಯ ನಿಲ್ಲಬಹುದು. ಸೀಸೆಯ ಮೇಲಿನ ಪೂರ್ತಿ ಹೆಸರನ್ನು ಇಬ್ಬರು ಓದಿ ಖಚಿತಪಡಿಸಿಕೊಂಡ ಮೇಲೆಯೇ ಡ್ರಿಪ್ ಏರಿಸಬೇಕು. ಎರಡೂ ರೂಪಗಳನ್ನು 5 ಪ್ರತಿಶತ ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಬೇಕು. ಸಲೈನ್‌ನಲ್ಲಿ ಬೆರೆಸಿದರೆ ಔಷಧ ಗಸಿಗಟ್ಟುತ್ತದೆ.

ಫ್ಲುಸೈಟೊಸಿನ್ ಸಿಗುವುದು ಅನೇಕ ಕಡೆ ಕಷ್ಟ. ಆದರೂ ಅದನ್ನು ಹುಡುಕುವ ಪ್ರಯತ್ನ ಬಿಡಬೇಡಿ, ಏಕೆಂದರೆ ಜೋಡಿಯಾಗಿ ಅದು ಇರುವಾಗ ಶಿಲೀಂಧ್ರ ಬೇಗ ಸಾಯುತ್ತದೆ. ಒಂಟಿಯಾಗಿ ಮಾತ್ರ ಅದನ್ನು ಎಂದೂ ಕೊಡಬಾರದು. ಶಿಲೀಂಧ್ರ ಕೆಲವೇ ದಿನಗಳಲ್ಲಿ ಅದಕ್ಕೆ ಬಗ್ಗದಂತಾಗುತ್ತದೆ.

ಹಂತ 7: ಒತ್ತಡ ಇಳಿಸುವುದು

ಬೆನ್ನಿನಿಂದ ದಿನವೂ ನೀರು ತೆಗೆಯುವುದೇಕೆ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಇದು. ಶಿಲೀಂಧ್ರದ ಕಣಗಳು ಮತ್ತು ಅವುಗಳ ಅಂಟುಕವಚ, ದ್ರವ ರಕ್ತಕ್ಕೆ ಮರಳುವ ಸೂಕ್ಷ್ಮ ದಾರಿಗಳನ್ನು ಕಟ್ಟಿಬಿಡುತ್ತವೆ. ದ್ರವ ಉತ್ಪತ್ತಿಯಾಗುತ್ತಲೇ ಇರುತ್ತದೆ, ಹೊರಹೋಗುವುದಿಲ್ಲ. ತಲೆಬುರುಡೆಯೊಳಗೆ ಒತ್ತಡ ಏರಿ ದೃಷ್ಟಿನರ ನಲುಗುತ್ತದೆ, ರೋಗಿ ಮಂಪರಿಗೆ ಜಾರುತ್ತಾನೆ. ಔಷಧ ಕೆಲಸ ಮಾಡುವಷ್ಟರಲ್ಲಿ ಒತ್ತಡವೇ ಕೊಲ್ಲಬಹುದು. ಆದ್ದರಿಂದ ಇಲ್ಲಿ ಲಂಬಾರ್ ಪಂಕ್ಚರ್ ಪರೀಕ್ಷೆಯಷ್ಟೇ ಅಲ್ಲ, ಚಿಕಿತ್ಸೆಯೂ ಹೌದು.

ಒತ್ತಡ 25 ಸೆಂ.ಮೀ. ಅಥವಾ ಹೆಚ್ಚಿದ್ದು ತಲೆನೋವು, ವಾಂತಿ, ದೃಷ್ಟಿದೋಷ ಇದ್ದರೆ, 20ಕ್ಕಿಂತ ಕೆಳಗೆ ಬರುವಷ್ಟು, ಬಹಳ ಹೆಚ್ಚಿದ್ದರೆ ಅರ್ಧಕ್ಕೆ ಇಳಿಯುವಷ್ಟು ದ್ರವವನ್ನು ತೆಗೆಯುತ್ತಾರೆ. ಒಂದು ಬಾರಿಗೆ 20ರಿಂದ 30 ಮಿಲಿಲೀಟರ್ ಆಗಬಹುದು. ತೆಗೆದ ಮೇಲೆ ಒತ್ತಡವನ್ನು ಮತ್ತೆ ಅಳೆದು ಬರೆಯಬೇಕು. ಲಕ್ಷಣಗಳು ಶಮನವಾಗಿ, ಒತ್ತಡ ಎರಡು ದಿನಕ್ಕಿಂತ ಹೆಚ್ಚು ಕಾಲ ಸಹಜ ಮಟ್ಟದಲ್ಲಿ ನಿಲ್ಲುವವರೆಗೆ ದಿನವೂ ಇದು ನಡೆಯಬೇಕು. ಚುಚ್ಚಿದ ಕೆಲವೇ ನಿಮಿಷಗಳಲ್ಲಿ ತಲೆನೋವು ಇಳಿದು ರೋಗಿ ಕಣ್ಣು ಬಿಟ್ಟು ಮಾತಾಡುವುದನ್ನು ಕಂಡ ಮನೆಯವರು ಮರುದಿನ ತಾವೇ ವೈದ್ಯರಿಗೆ ನೆನಪಿಸುತ್ತಾರೆ. ಹಾಗೆ ನೆನಪಿಸುವುದು ಸರಿಯೇ. ದಿನವೂ ತೆಗೆದರೂ ಒತ್ತಡ ಇಳಿಯದಿದ್ದರೆ ತಾತ್ಕಾಲಿಕ ನಳಿಕೆ ಅಥವಾ ಶಂಟ್ ಇಡುತ್ತಾರೆ. ಔಷಧ ನಡೆಯುತ್ತಿರುವಾಗ ಸೋಂಕು ಇನ್ನೂ ಇದೆ ಎಂಬ ಕಾರಣಕ್ಕೆ ಶಂಟ್ ಬೇಡ ಎನ್ನುವಂತಿಲ್ಲ.

ಬೇರೆ ಕಾಯಿಲೆಗಳಲ್ಲಿ ತಲೆಯ ಒತ್ತಡಕ್ಕೆ ಬಳಸುವ ಮ್ಯಾನಿಟಾಲ್ ಇಲ್ಲಿ ಪ್ರಯೋಜನಕ್ಕೆ ಬಾರದು. ಅಸೆಟಜೋಲಮೈಡ್ ಹಾನಿಯನ್ನೇ ಮಾಡಿದೆ.

ಹಂತ 8: ಉಳಿದ ಶಿಲೀಂಧ್ರಗಳು

ಆಸ್ಪರ್ಜಿಲಸ್‌ಗೆ ವೊರಿಕೊನಜೋಲ್ ಮಿದುಳಿನೊಳಗೆ ಚೆನ್ನಾಗಿ ಇಳಿಯುವ ಔಷಧ. ಆದರೆ ಒಂದೇ ಡೋಸಿನಲ್ಲಿ ಒಬ್ಬೊಬ್ಬರ ರಕ್ತದಲ್ಲಿ ಅದರ ಮಟ್ಟ ಬೇರೆ ಬೇರೆ ಇರುವುದರಿಂದ ಮಟ್ಟ ಅಳೆದು ಡೋಸ್ ಹೊಂದಿಸಬೇಕು. ಇಂಥ ರೋಗಿಗಳಿಗೆ ಫಿಟ್ಸ್ ಬರುವುದು ಸಾಮಾನ್ಯ. ಫಿನಿಟಾಯಿನ್, ಕಾರ್ಬಮಜೆಪೈನ್, ಫಿನೊಬಾರ್ಬಿಟಾಲ್ ಹಾಗೂ ಕ್ಷಯದ ರಿಫಾಂಪಿಸಿನ್ ಇವು ವೊರಿಕೊನಜೋಲ್ ಮಟ್ಟವನ್ನು ಕುಸಿಯುವಂತೆ ಮಾಡುತ್ತವೆ; ಫಿಟ್ಸ್‌ಗೆ ಲೆವೆಟಿರಾಸಿಟಮ್ ಸುರಕ್ಷಿತ ಆಯ್ಕೆ.

ಮ್ಯೂಕರ್ ಸಾಮಾನ್ಯವಾಗಿ ಮೂಗು, ಸೈನಸ್, ಕಣ್ಣುಗುಳಿಯ ಮೂಲಕ ಮಿದುಳಿಗೆ ಏರುತ್ತದೆ. 2021ರ ಕೋವಿಡ್ ಅಲೆಯಲ್ಲಿ ಕಪ್ಪು ಶಿಲೀಂಧ್ರ ಎಂದು ಹೆಸರಾದದ್ದು ಇದೇ. ಕೆನ್ನೆ ನೋವು, ಮೂಗಿನಿಂದ ಕಪ್ಪು ಸ್ರಾವ, ರೆಪ್ಪೆ ಬಾವು, ಅಂಗುಳಿನ ಮೇಲೆ ಕಪ್ಪು ಕಲೆ ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು, ಲೈಪೊಸೋಮಲ್ ಆಂಫೊಟೆರಿಸಿನ್ ಕಿಲೋಗೆ 5ರಿಂದ 10 ಮಿ.ಗ್ರಾಂ. ದಿನವೂ ಕೊಡುವುದು, ಸಕ್ಕರೆಯನ್ನು ಹತೋಟಿಗೆ ತರುವುದು, ಮೂರೂ ಒಟ್ಟಿಗೆ ನಡೆಯಬೇಕು. ರಕ್ತನಾಳಗಳು ಮುಚ್ಚಿಹೋದ ಭಾಗಕ್ಕೆ ಔಷಧ ತಲುಪುವುದೇ ಇಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಯನ್ನು ಬಿಟ್ಟು ಔಷಧವನ್ನು ಮಾತ್ರ ನಂಬುವಂತಿಲ್ಲ.

ಕ್ಯಾಂಡಿಡಾಗೆ ಆಂಫೊಟೆರಿಸಿನ್, ಬೇಕಾದರೆ ಫ್ಲುಸೈಟೊಸಿನ್ ಸೇರಿಸಿ. ಸೋಂಕಿತ ಶಂಟ್ ಇದ್ದರೆ ಅದನ್ನು ತೆಗೆಯಲೇಬೇಕು. ರಕ್ತದ ಕ್ಯಾಂಡಿಡಾಗೆ ಚೆನ್ನಾಗಿ ಕೆಲಸ ಮಾಡುವ ಕ್ಯಾಸ್ಪೊಫಂಜಿನ್ ಗುಂಪಿನ ಔಷಧಗಳು ಮಿದುಳಿಗೆ ಸರಿಯಾಗಿ ಇಳಿಯುವುದಿಲ್ಲ, ಕ್ರಿಪ್ಟೊಕಾಕಸ್ ಮೇಲಂತೂ ನಾಟುವುದೇ ಇಲ್ಲ. ಹಿಸ್ಟೊಪ್ಲಾಸ್ಮಾದಲ್ಲಿ ಲೈಪೊಸೋಮಲ್ ಆಂಫೊಟೆರಿಸಿನ್ 4ರಿಂದ 6 ವಾರ, ಆಮೇಲೆ ಇಟ್ರಕೊನಜೋಲ್ ಕನಿಷ್ಠ ಒಂದು ವರ್ಷ. ಅಮೆರಿಕ ಖಂಡಗಳ ಒಣ ಪ್ರದೇಶಗಳ ಕಾಕ್ಸಿಡಿಯೋಯಿಡಿಸ್ ಮೆನಿಂಜೈಟಿಸ್‌ಗೆ ಫ್ಲುಕೊನಜೋಲ್ ಜೀವನಪೂರ್ತಿ ಬೇಕು; ನಿಲ್ಲಿಸಿದರೆ ಬಹಳಷ್ಟು ಮಂದಿಯಲ್ಲಿ ಮರುಕಳಿಸುತ್ತದೆ.

ಹಂತ 9: ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವುದು

ಆಂಫೊಟೆರಿಸಿನ್ ಏರಿಸುವಾಗ ಚಳಿ, ನಡುಕ, ಜ್ವರ ಬರಬಹುದು. ಅದಕ್ಕೆ ಔಷಧವಿದೆ, ಹೆದರಿ ಡ್ರಿಪ್ ಕಿತ್ತುಹಾಕಿಸಬೇಡಿ. ಹೆಚ್ಚಿನ ಚಿಂತೆ ಮೂತ್ರಪಿಂಡದ್ದು. ಔಷಧಕ್ಕೆ ಮುನ್ನ ಒಂದು ಲೀಟರ್ ಸಲೈನ್‌ಗೆ ಪೊಟ್ಯಾಸಿಯಂ ಬೆರೆಸಿ ಏರಿಸುವುದರಿಂದ ಹಾನಿ ಗಣನೀಯವಾಗಿ ತಗ್ಗುತ್ತದೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದರೆ ಹೃದಯದ ಬಡಿತ ತಪ್ಪುತ್ತದೆ. ಹಿಮೋಗ್ಲೋಬಿನ್ ಕೂಡ ಇಳಿಯುತ್ತದೆ. ದಿನವೂ ಕೊಡುತ್ತಿರುವಾಗ ಇವನ್ನು ವಾರಕ್ಕೆ ಎರಡು ಮೂರು ಬಾರಿ ನೋಡಬೇಕು. ನೋಟ್‌ಪುಸ್ತಕದ ಕಾಲಂಗಳು ಇದಕ್ಕಾಗಿಯೇ. ಫ್ಲುಸೈಟೊಸಿನ್ ಮೂಳೆಮಜ್ಜೆಯನ್ನು ಕುಗ್ಗಿಸಬಹುದು, ಮೂತ್ರಪಿಂಡ ಸೋತಾಗ ಅದರ ಡೋಸ್ ಇಳಿಸಬೇಕು. ವೊರಿಕೊನಜೋಲ್‌ನಲ್ಲಿ ಕಣ್ಣಿನ ಮುಂದೆ ಮಿಂಚು, ಬಿಸಿಲಿಗೆ ಚರ್ಮ ಸುಡುವುದು, ಯಕೃತ್ತಿನ ತೊಂದರೆ ಕಾಣಬಹುದು. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಫ್ಲುಕೊನಜೋಲ್ ಮತ್ತು ವೊರಿಕೊನಜೋಲ್ ಭ್ರೂಣಕ್ಕೆ ಹಾನಿ ಮಾಡಬಲ್ಲವು. ಅಂಗ ಕಸಿಯಾದವರು ಸೇವಿಸುವ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಮಟ್ಟವನ್ನು ಇವು ಏರಿಸುತ್ತವೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನ ಪರಿಣಾಮವನ್ನೂ ಹೆಚ್ಚಿಸುತ್ತವೆ.

ಹಂತ 10: ಎಚ್‌ಐವಿ ಔಷಧ ಯಾವಾಗ, ಮನೆಗೆ ಹೋದ ಮೇಲೆ ಏನು

ಎಚ್‌ಐವಿ ಹೊಸದಾಗಿ ಪತ್ತೆಯಾಗಿದ್ದರೆ ಅದರ ಔಷಧವನ್ನು ಅಂದೇ ಶುರುಮಾಡಬೇಕೆಂದು ಅನ್ನಿಸುವುದು ಸಹಜ. ಕ್ರಿಪ್ಟೊಕಾಕಸ್ ಮೆನಿಂಜೈಟಿಸ್‌ನಲ್ಲಿ ಅದು ತಪ್ಪು. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೆರಡು ವಾರಗಳಲ್ಲೇ ಆರಂಭಿಸಿದವರಲ್ಲಿ ಶೇ. 45ರಷ್ಟು, ಐದು ವಾರ ಕಾದು ಆರಂಭಿಸಿದವರಲ್ಲಿ ಶೇ. 30ರಷ್ಟು ಮಂದಿ 26 ವಾರಗಳೊಳಗೆ ತೀರಿಕೊಂಡರು. ಹಾಗಾಗಿ ಶಿಲೀಂಧ್ರದ ಚಿಕಿತ್ಸೆ ಆರಂಭವಾಗಿ 4ರಿಂದ 6 ವಾರ ಕಳೆದ ಮೇಲೆ ಎಚ್‌ಐವಿ ಔಷಧ ಶುರುಮಾಡುತ್ತಾರೆ.

ಅದಾದ ಕೆಲವು ವಾರಗಳಲ್ಲಿ ತಲೆನೋವು, ಜ್ವರ ಮತ್ತೆ ಬರಬಹುದು. ಚೇತರಿಸಿಕೊಂಡ ರೋಗನಿರೋಧಕ ವ್ಯವಸ್ಥೆ ಸತ್ತ ಶಿಲೀಂಧ್ರದ ಅವಶೇಷಗಳ ಮೇಲೆ ಎರಗುವುದರಿಂದ ಹೀಗಾಗುತ್ತದೆ. ಇದನ್ನು ಐರಿಸ್ ಎನ್ನುತ್ತಾರೆ. ಸೋಂಕು ಮರುಕಳಿಸಿದೆಯೇ, ಐರಿಸ್ ಆಗಿದೆಯೇ ಎಂದು ತಿಳಿಯಲು ದ್ರವ ತೆಗೆದು ಒತ್ತಡ ನೋಡಿ ಕಲ್ಚರ್ ಮಾಡಬೇಕು. ಆ್ಯಂಟಿಜೆನ್ ಇದಕ್ಕೆ ನೆರವಾಗದು. ಶಿಲೀಂಧ್ರ ಸತ್ತ ಮೇಲೂ ಅದು ತಿಂಗಳುಗಟ್ಟಲೆ ಪಾಸಿಟಿವ್ ಇರುತ್ತದೆ. ಆ್ಯಂಟಿಜೆನ್ ಇನ್ನೂ ಇದೆಯೆಂದು ಗಾಬರಿಯಾಗುವುದೂ ಬೇಡ, ಅದನ್ನು ನೋಡಿ ಔಷಧ ಬದಲಿಸುವುದೂ ಬೇಡ.

ಮಾತ್ರೆ ಎಷ್ಟು ತಿಂಗಳು ಎಂಬ ಮೂರನೆಯ ಪ್ರಶ್ನೆಗೆ, ರೋಗಿ ಗೆಲುವಾಗಿರುವುದು ಮಾತ್ರೆ ನಿಲ್ಲಿಸಲು ಆಧಾರವಲ್ಲ ಎಂಬುದೇ ಉತ್ತರ. ನಡುವೆ ನಿಲ್ಲಿಸಿದಾಗ ಕೂಡಲೇ ಏನೂ ಆಗದಿರುವುದರಿಂದಲೇ ಜನ ಮೋಸಹೋಗುತ್ತಾರೆ. ಮರುಕಳಿಸುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಮಾತ್ರೆ ಮುಗಿಯುವುದಕ್ಕೆ ಕನಿಷ್ಠ ಒಂದು ವಾರ ಮೊದಲು ಮುಂದಿನ ತಿಂಗಳಿನದನ್ನು ತಂದಿಟ್ಟುಕೊಳ್ಳಿ. ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ಮರುಭೇಟಿಯ ದಿನದವರೆಗೆ ಕಾಯದೆ ವೈದ್ಯರಿಗೆ ತಿಳಿಸಿ. ತಲೆನೋವು ಮತ್ತೆ ಏರತೊಡಗಿದರೆ, ದೃಷ್ಟಿ ಮಂಜಾದರೆ ಅಥವಾ ವಸ್ತುಗಳು ಎರಡಾಗಿ ಕಂಡರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ನೋಟ್‌ಪುಸ್ತಕ ಜೊತೆಗಿರಲಿ, ಬೆನ್ನಿನ ದ್ರವದ ಒತ್ತಡ ಕಳೆದ ಬಾರಿ ಎಷ್ಟಿತ್ತು ಎಂಬುದನ್ನು ಮೊದಲು ನೋಡುವ ವೈದ್ಯರಿಗೆ ತೋರಿಸಿ.